ಪಯಣಿಗನ ಒಂದು ರಾತ್ರಿ: ಛತ್ರದ ಜಗಲಿಯಿಂದ ವಿಮಾನ ನಿಲ್ದಾಣದ ನೆಲದವರೆಗೆ

ಹೋದ ವರ್ಷ ಪತ್ರಕರ್ತರ ತರಬೇತಿ ಶಿಬಿರವೊಂದನ್ನು ಮುಗಿಸಿಕೊಂಡು ವಿದೇಶದಿಂದ ಹಿಂದಿರುಗುವಾಗ ಕೊಲ್ಲಿಯ ವಿಮಾನ ನಿಲ್ದಾಣವೊಂದರಲ್ಲಿ ನಾನು ಹನ್ನೊಂದು ಗಂಟೆ ಕಾಯಬೇಕಾಯಿತು. ಇಳಿದಾಗ ರಾತ್ರಿ ಎಂಟು. ಬೆಂಗಳೂರಿನ ವಿಮಾನ ಬೆಳಿಗ್ಗೆ ಏಳಕ್ಕೆ. ಅಗ್ಗದ ಟಿಕೆಟ್ಟಿಗೆ ತೆರಬೇಕಾದ ಬೆಲೆ ಅದು. ನಿಲ್ದಾಣದಲ್ಲಿ ಚಿನ್ನದ ಅಂಗಡಿಯಿತ್ತು, ಅತ್ತರಿನ ಅಂಗಡಿಯಿತ್ತು, ರಾತ್ರಿಯಿಡೀ ಕಾಫಿ ಸಿಗುವ ವ್ಯವಸ್ಥೆಯೂ ಇತ್ತು. ಇಲ್ಲದಿದ್ದುದು ಮೈ ಚಾಚುವ ಜಾಗ ಮಾತ್ರ. ಕುರ್ಚಿಗಳಿಗೇನೂ ಬರವಿರಲಿಲ್ಲ. ಆದರೆ ಒಂದೊಂದು ಕುರ್ಚಿಗೂ ಪಕ್ಕದ ಕುರ್ಚಿಗೂ ನಡುವೆ ಕದಲದ ಕಬ್ಬಿಣದ ಕೈ. ಕೂರಬಹುದು, ಮಲಗಲಾಗದು.

ಅಮ್ಮನ ಜೊತೆ ಫೋನಿನಲ್ಲಿ ನಮ್ಮ ಕಡೆಯ ವಾಡಿಕೆಯಂತೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡಿ ಮುಗಿಸುತ್ತಿದ್ದಂತೆ, ಕಂಬದ ಮರೆಯಲ್ಲಿ ನೆಲದ ಮೇಲೆ ಕುಳಿತಿದ್ದವರೊಬ್ಬರು ಕೇಳಿದರು: “ಏನಪ್ಪಾ, ಚಿಂತಾಮಣಿ ಕಡೆಯವರಾ?” ಅವರ ಹಳ್ಳಿ ಚಿಂತಾಮಣಿಯಿಂದ ಐದಾರು ಮೈಲಿ. ಕುವೈತಿನಲ್ಲಿ ಹನ್ನೆರಡು ವರ್ಷದಿಂದ ಚಾಲಕರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಇಂಥದೇ ಟಿಕೆಟ್ಟು, ಇಂಥದೇ ರಾತ್ರಿ. ಚೀಲದಿಂದ ಪಂಚೆಯೊಂದನ್ನು ತೆಗೆದು ಹಾಸಿ, ಅರ್ಧ ನನಗೂ ಬಿಟ್ಟುಕೊಟ್ಟರು. ಪಾಸ್‌ಪೋರ್ಟನ್ನು ಸೊಂಟದ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು, ಚೀಲದ ಪಟ್ಟಿಗೆ ಕಾಲು ಸಿಕ್ಕಿಸಿಕೊಂಡು ಮಲಗಬೇಕು ಎಂಬ ಪಾಠವೂ ಆಯಿತು. “ಹಳೇ ಕಾಲದಲ್ಲಿ ಛತ್ರದಲ್ಲಿ ಮಲಗ್ತಿದ್ರಲ್ಲ, ಹಂಗೇ ಅಂದ್ಕೋ” ಎಂದು ಅವರು ಅತ್ತ ಹೊರಳಿದರು.

ನನಗೆ ನಿದ್ದೆ ಬರಲಿಲ್ಲ. ಬದಲಿಗೆ ಅವರ ಮಾತೇ ಕೊರೆಯತೊಡಗಿತು. ದಾರಿಯಲ್ಲಿ ಕತ್ತಲಾದ ಪಯಣಿಗನಿಗೆ ಮಲಗುವ ಜಾಗ ಕೊಡಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ಸಿಕ್ಕ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸ್ವಾರಸ್ಯದ ಚಿತ್ರವೊಂದು ಮೂಡುತ್ತದೆ.

ಸತ್ರ ಛತ್ರವಾದದ್ದು

ಚಿಂತಾಮಣಿ ಮೊದಲಿನಿಂದಲೂ ದಾರಿಹೋಕರನ್ನು ಕಂಡ ಊರು. ಚಿಂತಾಮಣಿ ರಾವ್ ಎಂಬ ಮರಾಠಾ ಸರದಾರನಿಂದ ಊರಿಗೆ ಈ ಹೆಸರು ಬಂತೆಂದು ಗೆಜೆಟಿಯರ್ ಹೇಳುತ್ತದೆ. ವರ್ತಕರ ಊರಾದ ಮೇಲೆ ಗಾಡಿಗಳು ಬಾರದೆ ಇರುತ್ತವೆಯೇ? ಇಲ್ಲಿಂದ ಬೆಂಗಳೂರಿಗೆ ಸುಮಾರು 75 ಕಿಲೋಮೀಟರ್. ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗುವ ಹೇರಿನ ಎತ್ತಿನಗಾಡಿಗೆ ಅದು ನಾಲ್ಕೈದು ದಿನದ ಹಾದಿ. ಅಂದರೆ ದಾರಿಯಲ್ಲಿ ಕನಿಷ್ಠ ಮೂರು ನಾಲ್ಕು ರಾತ್ರಿ.

ಆ ರಾತ್ರಿಗಳಿಗಾಗಿಯೇ ಕೋಲಾರ ಸೀಮೆಯ ಊರೂರಿನಲ್ಲಿ ಗುಂಡುತೋಪುಗಳಿದ್ದವು. ಮಾವು, ನೇರಳೆ, ಹುಣಸೆಯ ನೆರಳು, ಹತ್ತಿರದಲ್ಲೇ ಕೆರೆಯೋ ಕಲ್ಯಾಣಿಯೋ. ಎತ್ತುಗಳ ಕೊರಳು ಬಿಚ್ಚಿ ಕಟ್ಟಿದರೆ, ಮೂರು ಕಲ್ಲು ಹೂಡಿ ಒಲೆ ಹಚ್ಚಿದರೆ, ಅದೇ ಮನೆ. ಬೇಸಿಗೆಯಲ್ಲಿ ಅರವಟ್ಟಿಗೆಯ ನೀರು, ತಲೆಹೊರೆಯವರಿಗೆ ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ ಏರಿಸಿಕೊಳ್ಳಲು ಹೊರೆಗಲ್ಲು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಮೊದಲ ಪುಟಗಳಲ್ಲೇ ಇಂಥ ಹೊರೆಗಲ್ಲುಗಳನ್ನೂ ದಾರಿಬದಿಯ ತಂಗುದಾಣಗಳನ್ನೂ ಬೆರಗಿನಿಂದ ಬಣ್ಣಿಸುತ್ತಾನೆ. ಆತ ಮುಂದೆ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೂಲಕವೂ ಹಾದುಹೋದವನು.

ಇನ್ನು ಛತ್ರ. ಸಂಸ್ಕೃತದ ಸತ್ರವೇ ನಮ್ಮ ಬಾಯಲ್ಲಿ ಛತ್ರವಾಯಿತು. ಸತ್ರಕ್ಕೆಂದು, ಅರವಟ್ಟಿಗೆಗೆಂದು ಭೂಮಿ ಬಿಟ್ಟ ದಾನಶಾಸನಗಳು ಕನ್ನಡನಾಡಿನ ಉದ್ದಗಲಕ್ಕೂ ಸಿಗುತ್ತವೆ. ಅರಸು ಕಟ್ಟಿಸಿದ್ದುಂಟು, ಶೆಟ್ಟರು ಕಟ್ಟಿಸಿದ್ದುಂಟು, ಮಕ್ಕಳಿಲ್ಲದ ವಿಧವೆಯರು ತಮ್ಮ ಒಡವೆ ಮಾರಿ ಕಟ್ಟಿಸಿದ್ದೂ ಉಂಟು. ಬಂದವರಿಗೆ ಸಾಮಾನ್ಯವಾಗಿ ಮೂರು ದಿನ ಇರಲು ಅವಕಾಶ, ನಾಲ್ಕನೆಯ ದಿನ ಹೊರಡಬೇಕು ಎಂಬುದು ರೂಢಿ. ಮೈಸೂರು ಸಂಸ್ಥಾನದಲ್ಲಿ ಇವುಗಳ ಉಸ್ತುವಾರಿ ದೇವಸ್ಥಾನಗಳ ಜೊತೆಗೇ ಮುಜರಾಯಿ ಇಲಾಖೆಗೆ ಸೇರಿತ್ತು. ಪಯಣಿಗನ ನಿದ್ದೆಯೂ ದೇವರ ಪೂಜೆಯೂ ಸರ್ಕಾರದ ಒಂದೇ ಕಡತದಲ್ಲಿದ್ದವು ಎಂದಾಯಿತು!

ಹಾಗೆಂದು ‘ಆ ಕಾಲವೇ ಚೆನ್ನ’ ಎಂದು ನಿಟ್ಟುಸಿರಿಡುವ ಮುನ್ನ ಒಂದು ಮಾತು. ಛತ್ರದ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆಯುತ್ತಿರಲಿಲ್ಲ. ಎಷ್ಟೋ ಛತ್ರಗಳಲ್ಲಿ ಊಟ ಬ್ರಾಹ್ಮಣರಿಗೆ ಮಾತ್ರ. ಉಳಿದ ಜಾತಿಯವರಿಗೆ ಜಗಲಿ. ದಲಿತನಾದವನಿಗೆ ಜಗಲಿಯೂ ಇಲ್ಲ, ತೋಪಿನ ಮರವೇ ಗತಿ. ಮುಸಲ್ಮಾನರಿಗೆ ಬೇರೆಯೇ ಮುಸಾಫಿರ್‌ಖಾನೆ. ಬಿಳಿಯ ಅಧಿಕಾರಿಗಾಗಿ ಊರಾಚೆ ಪ್ರವಾಸಿ ಬಂಗಲೆ, ಅಲ್ಲಿ ಖಾನ್‌ಸಾಮಾ, ಸೊಳ್ಳೆಪರದೆ. ಯಾರು ಎಲ್ಲಿ ಮಲಗಬಹುದು ಎಂಬುದು ಯಾರು ಯಾವ ಜಾತಿಯಲ್ಲಿ ಹುಟ್ಟಿದರು ಎಂಬುದರ ಮೇಲೆ ನಿಂತಿತ್ತು. ವಿಮಾನ ನಿಲ್ದಾಣದ ನೆಲದಲ್ಲಿ ಆ ರಾತ್ರಿ ಒಂದೇ ಪಂಚೆಯ ಮೇಲೆ ಮಲಗಿದ ನಾವಿಬ್ಬರು ನೂರೈವತ್ತು ವರ್ಷಗಳ ಹಿಂದೆ ಒಂದೇ ಸೂರಿನಡಿ ಇರುತ್ತಿದ್ದೆವೆಂದು ನನಗೆ ತೋರುವುದಿಲ್ಲ.

ಈಗ ಬೆಂಗಳೂರಿನಲ್ಲಿ ಯಾರಾದರೂ ‘ಛತ್ರಕ್ಕೆ ಹೋಗಬೇಕು’ ಎಂದರೆ ಮದುವೆಗೆ ಎಂದೇ ಅರ್ಥ. ಮಲಗುವ ಜಾಗ ಹೋಗಿ ಊಟದ ಪಂಕ್ತಿಯಷ್ಟೇ ಆ ಪದದಲ್ಲಿ ಉಳಿದಿದೆ.

ಸಣ್ಣ ರೈಲು, ದೊಡ್ಡ ರೈಲು

ಗಾಡಿಯ ಕಾಲದಲ್ಲಿ ಎಲ್ಲಿ ಕತ್ತಲಾಯಿತೋ ಅಲ್ಲಿ ತಂಗು ಎಂಬುದು ನಿಯಮ. ಒಂದು ವಾಹನದಿಂದ ಇಳಿದು ಇನ್ನೊಂದಕ್ಕಾಗಿ ಕಾಯುವ ರಾತ್ರಿಯನ್ನು ತಂದದ್ದು ರೈಲು. ಬೆಂಗಳೂರು–ಜೋಲಾರಪೇಟೆ ಹಾದಿ 1864ರಲ್ಲಿ ತೆರೆಯಿತು. ನಮ್ಮ ಚಿಂತಾಮಣಿಗೆ ರೈಲು ಬಂದದ್ದು ಅದಾದ ಅರ್ಧ ಶತಮಾನದ ಮೇಲೆ, 1910ರ ದಶಕದಲ್ಲಿ. ಅದೂ ಎರಡೂವರೆ ಅಡಿ ಅಗಲದ ಸಣ್ಣ ಹಳಿಯ ಮೇಲೆ. ಒಂದು ಕಡೆ ಕೋಲಾರದ ಮೂಲಕ ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ. ಇನ್ನೊಂದು ಕಡೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೂಲಕ ಬೆಂಗಳೂರಿಗೆ. ಓಡುತ್ತಿರುವಾಗಲೇ ಇಳಿದು, ಹೊಲದಲ್ಲಿ ಕಡಲೆಕಾಯಿ ಕಿತ್ತುಕೊಂಡು, ಮತ್ತೆ ಹತ್ತಬಹುದಾಗಿತ್ತೆಂದು ಹಿರಿಯರು ನಗೆಯಾಡುವುದುಂಟು.

ಚಿಂತಾಮಣಿಯವನು ಮದರಾಸಿಗೆ ಹೋಗಬೇಕಾದರೆ ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲಿನಿಂದ ಇಳಿದು ದೊಡ್ಡ ರೈಲಿಗೆ ಕಾಯಬೇಕಿತ್ತು. ಎಲ್ಲಿ ಕಾಯುವುದು? ಇಲ್ಲಿ ಜಾತಿಯ ಬದಲು ಟಿಕೆಟ್ಟು ಮಾತಾಡುತ್ತಿತ್ತು. ಮೇಲ್ದರ್ಜೆಯವರಿಗೆ ಕುರ್ಚಿ, ಕನ್ನಡಿಗಳಿರುವ ಕೊಠಡಿ. ಮೂರನೆಯ ದರ್ಜೆಯವರಿಗೆ ನೆಲ. ಗಾಂಧೀಜಿ 1917ರಲ್ಲಿ ಮುಂಬಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಪಯಣಿಸಿ, ಕೂರಲು ಬೆಂಚೂ ಇಲ್ಲದೆ ಜನ ಕೊಳಕು ನೆಲದಲ್ಲಿ ಕುಳಿತು ಉಣ್ಣಬೇಕಾದ ಸ್ಥಿತಿಯ ಬಗ್ಗೆ ಪತ್ರಿಕೆಗಳಿಗೆ ಬರೆದರು. ಹತ್ತು ವರ್ಷದ ನಂತರ, 1927ರಲ್ಲಿ, ನಮ್ಮದೇ ನಂದಿಬೆಟ್ಟದಲ್ಲಿ ಅವರು ಆರೋಗ್ಯ ಸುಧಾರಣೆಗಾಗಿ ತಂಗಿದ್ದಾಗಲೂ ಆ ಸ್ಥಿತಿ ಹೆಚ್ಚೇನೂ ಬದಲಾಗಿರಲಿಕ್ಕಿಲ್ಲ.

ರೈಲು ಕೊಡದ ಜಾಗವನ್ನು ಕೊಟ್ಟವರು ಒಬ್ಬ ವರ್ತಕರು. ಗುಬ್ಬಿ ತೋಟದಪ್ಪನವರು ಬೆಂಗಳೂರು ಸಿಟಿ ರೈಲು ನಿಲ್ದಾಣದ ಎದುರಿಗೇ 1897ರಲ್ಲಿ ಜಮೀನು ಕೊಂಡು ಕಟ್ಟಿಸಿದ ಛತ್ರವನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1903ರಲ್ಲಿ ಉದ್ಘಾಟಿಸಿದರು. ಹಳ್ಳಿಯಿಂದ ಬಂದವನು ರೈಲಿಳಿದು ರಸ್ತೆ ದಾಟಿದರೆ ಸಾಕು, ಮಲಗಲು ಜಾಗ. ದಾನಿಗೆ ಜಾಗದ ಆಯ್ಕೆ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ! ಊರ ನಡುವೆ ಅಲ್ಲ, ಕೆರೆಯ ಏರಿಯ ಮೇಲೆ ಅಲ್ಲ. ಜನ ಎಲ್ಲಿ ಕಾಯುತ್ತಾರೋ ಅಲ್ಲಿ. ಅದರ ಹೆಸರಿನಲ್ಲೇ ಉಚಿತ ಎಂಬುದೂ ಇದೆ, ಹಿಂದೂ ಎಂಬುದೂ ಇದೆ. ಕೊಟ್ಟದ್ದೆಷ್ಟು, ಕಾಲದ ಕಟ್ಟಿಗೆ ಸಿಕ್ಕದ್ದೆಷ್ಟು ಎಂಬುದನ್ನು ಆ ಎರಡು ಪದಗಳೇ ಹೇಳುತ್ತವೆ. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಛತ್ರ ಮಾತ್ರ ಇಂದಿಗೂ ಇದೆ.

ಬಳ್ಳಾರಿಯಲ್ಲಿ ಒಂದು ರಾತ್ರಿ

ವಿಮಾನದ ಕಥೆ ಇದಕ್ಕಿಂತ ವಿಚಿತ್ರ. ಇಂದು ವಿಮಾನ ರಾತ್ರಿ ಹಾರುತ್ತದೆ, ಮನುಷ್ಯ ನಿಲ್ದಾಣದಲ್ಲಿ ತಂಗುತ್ತಾನೆ. ಮೊದಲು ಹಾಗಿರಲಿಲ್ಲ. ರಾತ್ರಿ ತಂಗಬೇಕಾದದ್ದು ವಿಮಾನವೇ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ‘ಪುಸ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆ ತಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿಂದ ಮುಂದೆ ಆ ಅಂಚೆಯನ್ನು ಮದರಾಸಿಗೆ ಒಯ್ದವರು ಅವರ ಗೆಳೆಯ ನೆವಿಲ್ ವಿನ್ಸೆಂಟ್. ಕತ್ತಲಲ್ಲಿ ಹಾರಲು ದಾರಿದೀಪಗಳಿಲ್ಲ, ಇಳಿಯಲು ಬೆಳಕಿಲ್ಲ. ಹಾಗಾಗಿ ಅವರು ಬಳ್ಳಾರಿಯಲ್ಲಿ ಇಳಿದು, ರಾತ್ರಿ ಕಳೆದು, ಮರುದಿನ ಮದರಾಸು ಸೇರಿದರು. ಟಾಟಾ ಅಂಚೆ ವಿಮಾನಸೇವೆಯ ಮೊಟ್ಟಮೊದಲ ರಾತ್ರಿಯ ತಂಗುದಾಣ ನಮ್ಮ ಬಳ್ಳಾರಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅದೇ ಕಾಲದಲ್ಲಿ ಲಂಡನ್ನಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್‌ನ ವಿಮಾನ ಬರುತ್ತಿತ್ತು. 1929ರಲ್ಲಿ ಶುರುವಾದಾಗ ಆ ಪಯಣಕ್ಕೆ ಏಳು ದಿನ. ಪ್ರತಿ ಸಂಜೆ ಇಳಿಯುವುದು, ಬೆಳಿಗ್ಗೆ ಏರುವುದು. 1932ರಲ್ಲಿ ಶಾರ್ಜಾದ ಮರಳಿನಲ್ಲಿ ಈ ಪಯಣಿಗರಿಗಾಗಿಯೇ ಕೋಟೆಯಂಥ ತಂಗುಮನೆಯೊಂದನ್ನು ಕಟ್ಟಿದರು. ಅಲ್ ಮಹತ್ತಾ ಎಂದು ಅದರ ಹೆಸರು, ಈಗ ವಸ್ತುಸಂಗ್ರಹಾಲಯ. ಅಂದು ವಿಮಾನದ ಟಿಕೆಟ್ಟೆಂದರೆ ಹಾಸಿಗೆ, ಊಟ ಎಲ್ಲ ಸೇರಿದ ಟಿಕೆಟ್ಟು. ಔದಾರ್ಯದಿಂದಲ್ಲ, ವಿಮಾನಕ್ಕೇ ಕಣ್ಣು ಕಾಣದಿದ್ದಾಗ ಮನುಷ್ಯನನ್ನು ಮಲಗಿಸದೆ ವಿಧಿಯಿರಲಿಲ್ಲ. ಕೊಲ್ಲಿಯ ಅದೇ ಮರಳುಗಾಡಿನ ಅಂಚಿನಲ್ಲಿ ತೊಂಬತ್ತು ವರ್ಷಗಳ ನಂತರ ನಮಗೆ ಹಾಸಿಗೆಯಿಲ್ಲದೆ ಹೋಯಿತು, ಯಾಕೆಂದರೆ ವಿಮಾನಕ್ಕೆ ಈಗ ರಾತ್ರಿಯೂ ಹಗಲೇ.

ನಡುರಾತ್ರಿಯ ಸಂತೆ

ಈ ಬದಲಾವಣೆ ನಮ್ಮ ದೇಶದಲ್ಲಿ ಕಣ್ಣಿಗೆ ಕಾಣುವಂತೆ ಆದದ್ದು ನಾಗಪುರದಲ್ಲಿ. 1949ರ ಜನವರಿಯಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ರಾತ್ರಿ ಒಂದೊಂದು ವಿಮಾನ ಹೊರಟು ನಡುರಾತ್ರಿಯ ಹೊತ್ತಿಗೆ ದೇಶದ ನಡುವಿನ ನಾಗಪುರದಲ್ಲಿ ಸೇರುವುದು. ಅಂಚೆಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ತಂತಮ್ಮ ಊರಿಗೆ ಹಿಂದಿರುಗುವುದು. ಸಂಜೆ ಮದರಾಸಿನಲ್ಲಿ ಹಾಕಿದ ಕಾಗದ ಬೆಳಿಗ್ಗೆ ದೆಹಲಿಯಲ್ಲಿ! ಚೀಲಗಳ ಜೊತೆ ಪ್ರಯಾಣಿಕರೂ ಇರುತ್ತಿದ್ದರು. ಅವರೂ ನಾಗಪುರದಲ್ಲಿ ಇಳಿದು, ಕಣ್ಣುಜ್ಜಿಕೊಳ್ಳುತ್ತಾ ಕಾದು, ಬೇರೆ ವಿಮಾನ ಹತ್ತುತ್ತಿದ್ದರು. ಈ ಏರ್ಪಾಡು ಎಪ್ಪತ್ತರ ದಶಕದವರೆಗೂ ನಡೆಯಿತು.

ನಾಲ್ಕು ದಿಕ್ಕಿನ ವಿಮಾನಗಳನ್ನು ಒಂದೇ ಹೊತ್ತಿಗೆ ಒಂದೆಡೆ ಸೇರಿಸಿ ಜನರನ್ನು ಅದಲುಬದಲು ಮಾಡುವ ಇದೇ ಉಪಾಯದ ಮೇಲೆಯೇ ಇಂದು ಕೊಲ್ಲಿಯ ದೊಡ್ಡ ನಿಲ್ದಾಣಗಳು ನಿಂತಿರುವುದು. ಯುರೋಪಿನಿಂದ ಬಂದವರು, ಏಷ್ಯಾದಿಂದ ಬಂದವರು ನಡುರಾತ್ರಿಯ ಸಂತೆಯಲ್ಲಿ ಸೇರುತ್ತಾರೆ. ಹೊಂದಿಕೆಯಾದವರಿಗೆ ಎರಡು ಗಂಟೆಯಲ್ಲಿ ಮುಂದಿನ ವಿಮಾನ. ಆಗದವರಿಗೆ ಹನ್ನೊಂದು ಗಂಟೆ. ಆ ಹನ್ನೊಂದು ಗಂಟೆಯ ಟಿಕೆಟ್ಟೇ ಅಗ್ಗ. ಅದನ್ನು ಕೊಳ್ಳುವವರು ಯಾರೆಂದು ಬೇರೆ ಹೇಳಬೇಕೆ?

ದೇವನಹಳ್ಳಿಯಲ್ಲೂ ರಾತ್ರಿಯೇ ಗದ್ದಲ. 2008ರ ಮೇ 24ರಂದು ಹೊಸ ವಿಮಾನ ನಿಲ್ದಾಣ ಶುರುವಾದಾಗ ಚಿಂತಾಮಣಿ ಸೀಮೆಗೆ ಅದು ಹತ್ತಿರವೇ ಬಂದಂತಾಯಿತು. ಶಿಡ್ಲಘಟ್ಟ, ವಿಜಯಪುರದ ಮೇಲೆ ಹೋದರೆ ಸುಮಾರು 60 ಕಿಲೋಮೀಟರ್. 2023–24ರಲ್ಲಿ ಅಲ್ಲಿ ಓಡಾಡಿದವರು ಸುಮಾರು 3 ಕೋಟಿ 75 ಲಕ್ಷ ಮಂದಿ. ಹೊರದೇಶಕ್ಕೆ ಹೋಗುವ ವಿಮಾನಗಳು ಸರಿರಾತ್ರಿ ಹೊರಡುವುದೇಕೆ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಯುರೋಪಿನ ಊರುಗಳು ತಮ್ಮ ನಿದ್ದೆ ಕೆಡದಂತೆ ರಾತ್ರಿ ವಿಮಾನಗಳಿಗೆ ಕಡಿವಾಣ ಹಾಕಿವೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಕ್ಕೆ ನಿಷೇಧವಿದೆ. ಇಲ್ಲಿಂದ ರಾತ್ರಿ ಎರಡಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಅಲ್ಲಿ ಬೆಳಿಗ್ಗೆ ಏಳೂವರೆಯೋ ಎಂಟೂವರೆಯೋ ಆಗಿರುತ್ತದೆ. ಅವರ ಬೆಳಗಿಗೆ ನಮ್ಮ ರಾತ್ರಿಯೇ ಸರಿಹೊಂದುವುದು. ಆದರೆ ಚಿಂತಾಮಣಿಯ ಬಸ್ಸುಗಳು ಫ್ರಾಂಕ್‌ಫರ್ಟಿನ ಗಡಿಯಾರ ನೋಡಿ ಓಡುವುದಿಲ್ಲವಲ್ಲ! ಬಾಡಿಗೆ ಕಾರಿಗೆ ಹಣ ತೆರಲಾಗದವನು ಸಂಜೆಯ ಬಸ್ಸಿಗೇ ಹೊರಟುಬಂದು ಕಾಯಬೇಕು.

ಒಳಗೆ ಕಾಯಲು ಟಿಕೆಟ್ಟಿರಬೇಕು. 1999ರ ಕೊನೆಯಲ್ಲಿ ಕಠ್ಮಂಡುವಿನಿಂದ ಹೊರಟ ಭಾರತೀಯ ವಿಮಾನದ ಅಪಹರಣವಾದ ಮೇಲೆ ನಮ್ಮ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು. ಬಾಗಿಲಲ್ಲೇ ಟಿಕೆಟ್ಟು, ಗುರುತಿನ ಚೀಟಿ ನೋಡುತ್ತಾರೆ. ಕಾರಣ ಒಪ್ಪತಕ್ಕದ್ದೇ. ಬೀಳ್ಕೊಡಲು ಬಂದ ತಾಯಿ, ಹೆಂಡತಿ, ಮಕ್ಕಳು ಮಾತ್ರ ಹೊರಗಿನ ಕಲ್ಲುಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಜಗಲಿ ಪೂರ್ತಿ ಮಾಯವಾಗಿಲ್ಲ.

ಕಾನೂನು ಪಯಣಿಗನ ರಾತ್ರಿಯನ್ನು ಮರೆತೇಬಿಟ್ಟಿದೆ ಎನ್ನುವಂತಿಲ್ಲ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆಗೂ ಹೆಚ್ಚು ತಡವಾದರೆ ಸಂಸ್ಥೆಯೇ ಹೋಟೆಲಿನ ವ್ಯವಸ್ಥೆ ಮಾಡಬೇಕು. ಬೇರೆ ಹೊತ್ತಿನದಾದರೆ ಇಪ್ಪತ್ತನಾಲ್ಕು ಗಂಟೆ ಮೀರಬೇಕು. ಆದರೆ ಇದು ತಡವಾದಾಗಿನ ಮಾತು. ಟಿಕೆಟ್ಟಿನಲ್ಲೇ ಬರೆದಿರುವ ಹನ್ನೊಂದು ಗಂಟೆಯನ್ನು ಯಾರೂ ತಡ ಎನ್ನುವುದಿಲ್ಲ. ಅದನ್ನು ನೀವೇ ಕೊಂಡಿದ್ದೀರಿ.

ನಿಯಮವೂ ಕೈಕೊಡುವ ದಿನಗಳಿರುತ್ತವೆ. 2025ರ ಡಿಸೆಂಬರ್ ಮೊದಲ ವಾರ ದೇಶದಲ್ಲಿ ಸಾವಿರಾರು ವಿಮಾನಗಳು ರದ್ದಾದಾಗ ಬೆಂಗಳೂರೂ ಸೇರಿ ಎಲ್ಲ ದೊಡ್ಡ ನಿಲ್ದಾಣಗಳ ನೆಲ ಜನರಿಂದ ತುಂಬಿಹೋಯಿತು. ಅದರ ಮೂಲ ಕಾರಣ ಏನು ಗೊತ್ತೆ? ಪೈಲಟ್‌ಗಳಿಗೆ ವಾರದ ವಿಶ್ರಾಂತಿ ಹೆಚ್ಚಿಸಿ, ಅವರ ರಾತ್ರಿ ಕೆಲಸಕ್ಕೆ ಮಿತಿ ಹಾಕಿದ ಹೊಸ ನಿಯಮಕ್ಕೆ ಬೇಕಾದಷ್ಟು ಸಿಬ್ಬಂದಿಯನ್ನು ಸಿದ್ಧವಿಟ್ಟುಕೊಂಡಿರಲಿಲ್ಲ. ಹಾರಿಸುವವನ ನಿದ್ದೆಗೆ ಬೆಲೆ ಬಂದದ್ದು ನ್ಯಾಯವೇ. ಅದರ ಲೆಕ್ಕ ಮಾತ್ರ ಹಾರುವವನ ನಿದ್ದೆಯಿಂದ ಕಳೆಯಿತು.

ವಿಮಾನ ನಿಲ್ದಾಣದಲ್ಲಿ ಮಲಗಿದವರಲ್ಲೆಲ್ಲ ಹೆಸರಾದವರು ಇರಾನಿನ ಮೆಹ್ರಾನ್ ಕರೀಮಿ ನಸ್ಸೇರಿ. ಕಾಗದಪತ್ರಗಳ ತೊಡಕಿನಲ್ಲಿ ಸಿಕ್ಕಿ 1988ರಿಂದ 2006ರವರೆಗೆ ಪ್ಯಾರಿಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲೇ ಉಳಿದವರು. ಹದಿನೆಂಟು ವರ್ಷ! ಅವರಿಗೆ ಅಲ್ಲೊಂದು ಬೆಂಚು ದಕ್ಕಿತ್ತು ಎಂಬುದೇ ನನಗೆ ಈಗ ದೊಡ್ಡ ಸಂಗತಿಯಾಗಿ ಕಾಣುತ್ತದೆ. 2022ರಲ್ಲಿ ಮತ್ತೆ ಅದೇ ನಿಲ್ದಾಣಕ್ಕೆ ಮರಳಿ, ಆ ನವೆಂಬರಿನಲ್ಲಿ ಅಲ್ಲೇ ತೀರಿಕೊಂಡರು.

ಹೆಚ್ಚು ಹಣ ತೆರುವವರಿಗೆ ಇಂದು ನಿಲ್ದಾಣದೊಳಗೇ ಗಂಟೆ ಲೆಕ್ಕದ ಕೋಣೆಗಳುಂಟು, ಮೆತ್ತನೆಯ ಸೋಫಾಗಳ ವಿಶ್ರಾಂತಿ ಮಂದಿರಗಳುಂಟು. ಅವುಗಳ ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಇದು ಛತ್ರಕ್ಕಿಂತ ಮೇಲು. ಆದರೆ ಛತ್ರ ಕಟ್ಟಿಸಿದವನಿಗೆ ದಾರಿಹೋಕನು ಮಲಗಿದರೆ ಪುಣ್ಯ ಬರುತ್ತಿತ್ತು. ಇಲ್ಲಿ ಮಲಗಿದವನು ಅಂಗಡಿಗಳ ಮುಂದೆ ಅಡ್ಡಾಡದ ಗಿರಾಕಿ. ಕುರ್ಚಿಯ ಕಬ್ಬಿಣದ ಕೈಗೆ ಇದಕ್ಕಿಂತ ಬೇರೆ ವಿವರಣೆ ನನಗಂತೂ ಹೊಳೆಯಲಿಲ್ಲ.

ಬೆಳಗಿನ ಐದಕ್ಕೆ ನೆಲ ಒರೆಸುವ ಯಂತ್ರ ನಮ್ಮ ಕಾಲಬಳಿಗೇ ಬಂದು ನಿಂತಿತು. ಹಿಂದಿನವರು ಹಮ್ಮಿಣಿ ಮುಟ್ಟಿ ನೋಡಿಕೊಳ್ಳುತ್ತಿದ್ದಂತೆ ಅಣ್ಣ ಸೊಂಟ ಮುಟ್ಟಿ ನೋಡಿಕೊಂಡು ಎದ್ದು, ಪಂಚೆ ಕೊಡವಿ ಮಡಿಚಿದರು. ಮಧ್ಯಾಹ್ನ ದೇವನಹಳ್ಳಿಯಲ್ಲಿ ಇಳಿದಾಗ, ಮನೆಗೆ ಹೋಗಿ ಮೊದಲು ಒಂದು ಒಳ್ಳೆಯ ನಿದ್ದೆ ಮಾಡಿ ಎಂದೆ. ಅವರು ನಕ್ಕರು. ಮುರುಗಮಲ್ಲದ ದರ್ಗಾದಲ್ಲಿ ಹರಕೆಯಿತ್ತಂತೆ. ಚಿಂತಾಮಣಿ ಸೀಮೆಯವರಿಗೆ ಹೇಳಬೇಕಿಲ್ಲ, ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಎಲ್ಲ ಜಾತಿ ಮತದವರೂ ಬಂದು ರಾತ್ರಿ ತಂಗಿ ಹೋಗುತ್ತಾರೆ.

“ಇವತ್ತು ರಾತ್ರಿ ಅಲ್ಲೇ ಇರಬೇಕಪ್ಪಾ. ಹಾಸೋಕೆ ಇದೇ ಪಂಚೆ ಸಾಕು” ಎಂದು ಚೀಲ ತಟ್ಟಿ ತೋರಿಸಿ, ಬಸ್ಸಿನ ಕಡೆಗೆ ಹೊರಟರು.